ಯಾವ ಎತ್ತೂ ಒದ್ದಿರಲಿಲ್ಲ

ಕಮಲಾಪುರದ ಕೆಂಪು ಬಾಳೆ ತೋಟದ ಆ ಮನೆಯಲ್ಲಿ ಎರಡು ಆಸ್ತಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದ್ದವು. ಒಂದು ತೋಟ, ಇನ್ನೊಂದು ಬುಗುಟು. ತೋಟ ಗಂಡುಮಕ್ಕಳಿಗೆ ಮಾತ್ರ. ಬುಗುಟಿಗೆ ಅಷ್ಟು ಬಿಗಿಯಾದ ಕಾಯಿದೆ ಗೊತ್ತಿರಲಿಲ್ಲ, ಗಂಡು ಹೆಣ್ಣು ನೋಡದೆ ಬರುತ್ತಿತ್ತು.

ಮಗುವಿಗೆ ಮೂರೋ ನಾಲ್ಕೋ ವರ್ಷ ತುಂಬುವಾಗ ಮೊಣಕಾಲಿನ ಪಕ್ಕಕ್ಕೋ ಭುಜದ ಕೆಳಗೋ ಅಡಿಕೆಯಷ್ಟು ಗಟ್ಟಿಯಾದ್ದೊಂದು ಕೈಗೆ ಸಿಗುತ್ತಿತ್ತು. ಎಲುಬಿನ ಮೇಲೆ ಎಲುಬು. ಮಗು ಬೆಳೆದಂತೆ ಅದೂ ಬೆಳೆದು, ಮಗುವಿನ ಬೆಳವಣಿಗೆ ನಿಂತಾಗ ಅದೂ ನಿಲ್ಲುತ್ತಿತ್ತು. ಬೇರೆಯವರಾಗಿದ್ದರೆ ಹೆದರಿ ತಾಯಿತ ಕಟ್ಟಿಸುತ್ತಿದ್ದರು. ಈ ಮನೆಯವರು ಅದನ್ನು ಲಕ್ಷ್ಮಿಯ ಗುರುತು ಎಂದರು. ಹಾಗೆಂದ ಮೊದಲ ಹಿರಿಯ ಯಾರೋ ಗೊತ್ತಿಲ್ಲ, ಆದರೆ ಬಜಾರು ಬಲ್ಲವನೇ ಇರಬೇಕು. ಮಾರಿ ಹೋಗದ ಮಾಲನ್ನು ದೇವರ ಮಾಡದಲ್ಲಿಟ್ಟು ಊದಿನಕಡ್ಡಿ ಹಚ್ಚಿದರೆ, ಮರುದಿನದಿಂದ ಅದನ್ನು ಕೇಳಿಕೊಂಡು ನಾಲ್ಕು ಜನ ಬರುತ್ತಾರೆ.

ಸೂಗಮ್ಮ ಆ ಮನೆಯ ಮಗಳು. ಅವಳ ಮೈಮೇಲೆ ಎರಡು ಬುಗುಟು, ಒಂದು ಎಡ ಮೊಣಕಾಲಿಗೆ, ಒಂದು ಬಲ ರಟ್ಟೆಗೆ. ಕಲಬುರಗಿಯ ಶಹಾಬಜಾರದಿಂದ ಅವಳನ್ನು ನೋಡಲು ಬಂದಾಗ ಅಣ್ಣ ಕಲ್ಯಾಣಪ್ಪ ಗಂಡಿನ ತಾಯಿಯನ್ನು ಒಳಗೆ ಕರೆಸಿ, ತಂಗಿಯ ಸೀರೆಯಂಚು ಒಂದು ಗೇಣು ಎತ್ತಿಸಿ ಲಕ್ಷ್ಮಿಯ ದರ್ಶನ ಮಾಡಿಸಿದ್ದ. ಆಕೆ ಹಣ್ಣಾದ ಪೇರಲ ಒತ್ತಿ ನೋಡುವಂತೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ ಅದ" ಎಂದು ಒಪ್ಪಿಗೆ ಕೊಟ್ಟಳು. ಮದುವೆಯಾಗಿ ಎಂಟು ವರ್ಷಕ್ಕೆ, ೧೯೮೨ರಲ್ಲಿ, ಗಂಡ ಕಾಮಾಲೆಯಲ್ಲಿ ಹೋದ. ಮಕ್ಕಳಿರಲಿಲ್ಲ. ಲಕ್ಷ್ಮಿ ಏನು ತರಬೇಕೆಂದಿದ್ದಳೋ ತರಲಿಲ್ಲ. ಸೂಗಮ್ಮನ ಪಾಲಿಗೆ ಉಳಿದದ್ದು ಶಹಾಬಜಾರದ ಗಲ್ಲಿಯಲ್ಲಿ ಒಂದು ಹಿಟ್ಟಿನ ಗಿರಣಿ.

ಹೆಂಗಸು ಗಿರಣಿ ನಡೆಸುತ್ತಾಳೆಂದು ಗಲ್ಲಿಯ ಹಿರಿಯರು ಮೂಗು ಮುರಿದರು. ಅವಳು ಕುಂತಲ್ಲಿಂದಲೇ ಕೇಳಿದಳು: "ಮನ್ಯಾಗ ಬೀಸೋ ಕಲ್ಲು ತಿರುವಾಕಿ ಯಾರ್ರೀ, ನಿಮ್ಮ ಮುತ್ತ್ಯಾನೇನು? ನಿಮ್ಮವ್ವನ ಹೌದಿಲ್ಲೋ? ಈ ಕಲ್ಲು ಕರೆಂಟಿನ ಮ್ಯಾಲ ತಿರಗ್ತದ, ಅಷ್ಟ ಫರಕು." ಆಮೇಲೆ ಅದೇ ಹಿರಿಯರ ಮನೆಯ ಜೋಳದ ಡಬ್ಬಿಗಳೂ ಸಾಲಿನಲ್ಲಿ ಬಂದು ಕುಂತವು.

ಹದಿನಾಲ್ಕು ವರ್ಷ ಹೀಗೆ ನಡೆಯಿತು. ೧೯೯೬ರ ದೀಪಾವಳಿಗೆ ಎಂಟು ದಿನವಿದ್ದಾಗ ತಮ್ಮ ದೌಲಪ್ಪ ಬಾಳೆಗೊನೆಯ ಟೆಂಪೊದಲ್ಲಿ ಬಂದು ಗಿರಣಿಯ ಮುಂದೆ ಇಳಿದ. ಮೂವತ್ತೆರಡರ ಗಟ್ಟಿ ಆಳು, ಎರಡು ಮಕ್ಕಳ ತಂದೆ. ಟೆಂಪೊದಿಂದ ಇಳಿಯುವಾಗ ಬಲಗಾಲು ಮೊದಲು ನೆಲಕ್ಕೆ ತಾಗದಂತೆ ಜೋಪಾನ ಮಾಡಿದ್ದನ್ನು ಸೂಗಮ್ಮ ನೋಡಿದಳು. ತೂಕ ಮಾಡಿ ಬದುಕುವವರ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ.

"ಕಾಲಿಗೇನಾಗ್ಯದ?"

"ಏನಿಲ್ಲಕ್ಕ. ಲಕ್ಷ್ಮಿ ಬೆಳ್ಯಾಕತ್ತಾಳ" ಎಂದು ನಕ್ಕ.

ಧೋತರ ಸರಿಸಿದಾಗ ಅವಳು ನಗಲಿಲ್ಲ. ಮೊಣಕಾಲಿನ ಮೇಲೆ, ತೊಡೆಯ ಕೊನೆಗೆ ಇದ್ದ ಅಡಿಕೆ ಈಗ ಮಾವಿನಕಾಯಿಯಾಗಿತ್ತು. ಒಂದು ವರ್ಷದಿಂದ ಬೆಳೆಯುತ್ತಿದೆಯಂತೆ. ಮಲಗಿದಾಗ ಒಳಗೆ ಸೂಜಿ ಚುಚ್ಚಿದಂತಾಗುತ್ತದಂತೆ. ಊರಿನ ಎಲುಬು ಕೂಡಿಸುವವನು ಎಣ್ಣೆ ಹಚ್ಚಿ ತಿಕ್ಕಿ ಸೊಪ್ಪು ಕಟ್ಟಿದ್ದ. ಅಣ್ಣ ಕಲ್ಯಾಣಪ್ಪನಿಗಂತೂ ಸಂತೋಷ. ಈ ಸಲ ಬಾಳೆ ಚೆನ್ನಾಗಿ ಬಂದದ್ದೇ ಅದರಿಂದ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದನಂತೆ.

ಸೂಗಮ್ಮನಿಗೆ ಹದಿನಾಲ್ಕನೆಯ ವಯಸ್ಸಿನ ಒಂದು ಬೇಸಿಗೆ ನೆನಪಾಯಿತು. ಅಪ್ಪ ಬಸಲಿಂಗಪ್ಪ ಪಡಸಾಲೆಯಲ್ಲಿ ಮಲಗಿದ್ದ. ಸೊಂಟದ ಬುಗುಟು ತಂಬಿಗೆಯಷ್ಟಾಗಿತ್ತು. ನಲವತ್ತೊಂದಕ್ಕೆ ಹೋದ. ಎತ್ತು ಒದ್ದು ಸತ್ತ ಎಂದು ಊರಿಗೆ ಹೇಳಿದ್ದರು.

ಗಿರಣಿಯ ಕಲ್ಲಿಗೆ ಉಳಿ ಹೊಡೆಯಲು ಬರುವ ಲಾಲ್ ಅಹ್ಮದ್ ಮೂಲೆಯಲ್ಲಿ ಕುಂತು ಎಲ್ಲ ಕೇಳುತ್ತಿದ್ದ. "ಅಕ್ಕಾ, ಕೋಟೆ ಹತ್ರ ನಮ್ಮ ಗಲ್ಲಿಯಾಗ ಸಲಾವುದ್ದೀನ್ ಅಂತ ಹೊಸ ಎಲುಬಿನ ಡಾಕ್ಟರ್ ಕುಂತಾರ. ಫೋಟೋ ತೆಗಸ್ರಿ. ತಿಕ್ಕಿಸಬ್ಯಾಡ್ರಿ. ಕಲ್ಲಿಗಾದ್ರೂ ಎಲ್ಲಿ ಹೊಡೀಬೇಕಂತ ನೋಡೇ ಹೊಡೀತೀವಿ ನಾವು" ಎಂದ. ಅಂದೇ ಸಂಜೆ ಅಕ್ಕ ತಮ್ಮನನ್ನು ಎಳೆದುಕೊಂಡು ಹೋದಳು.

ಸಲಾವುದ್ದೀನ್ ಡಾಕ್ಟರು ಎಕ್ಸ್-ರೇ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ದೌಲಪ್ಪನಿಗಿಂತ ಮೊದಲು ಸೂಗಮ್ಮನ ರಟ್ಟೆ, ಮೊಣಕಾಲು ಮುಟ್ಟಿ ನೋಡಿದರು.

"ಎಲುಬು ಎಲ್ಲಿ ಬೆಳೀಬೇಕು, ಎಲ್ಲಿ ನಿಲ್ಲಬೇಕಂತ ಹುಟ್ಟೋದ್ರೊಳಗ ಒಂದು ಹುಕುಂ ಬರೆದಿರ್ತದ, ಅವ್ವಾರ. ಅದಕ್ಕ ಜೀನ್ ಅಂತಾರ. ಅವ್ವನ ಕಡಿಂದ ಒಂದು ಪ್ರತಿ, ಅಪ್ಪನ ಕಡಿಂದ ಒಂದು ಪ್ರತಿ. ನಿಮ್ಮ ಅಪ್ಪಾರ ಹತ್ರ ಇದ್ದ ಎರಡರಾಗ ಒಂದು ಪ್ರತಿ ಕೆಟ್ಟಿತ್ತು. ಅದು ಯಾರಿಗೆ ಬಂತೋ ಅವರಿಗೆ ಬುಗುಟು. ಅರ್ಧಕ್ಕರ್ಧ. ಈ ತಪ್ಪು ಎಲ್ಲಿರ್ತದಂತ ಪರದೇಶದಾಗ ಹೋದ ವರ್ಷನ ಗುರುತು ಹಚ್ಯಾರ."

"ಹಂಗಂದ್ರ ಬಾಳಿ ಕಂದಿನಂಗ ಅಲ್ಲ" ಎಂದಳು ತೋಟದ ಮಗಳು. "ಬುಡದಾಗ ಒಡೆಯೋ ಕಂದು ಯಾವಾಗ್ಲೂ ತಾಯಿ ಹಂಗ ಬರ್ತದ."

"ಕಂದಿಗೆ ತಾಯಿ ಒಬ್ಬಾಕಿನ ಸಾಕು. ಮನಶ್ಯಾಗ ಇಬ್ಬರು ಬೇಕಲ್ರೀ."

"ನನಗೂ ಅದ. ನಾನೂ ಇದರಾಗ ಸಾಯ್ತೀನೇನು?"

"ಬುಗುಟು ಇದ್ದ ಮಾತ್ರಕ್ಕ ಯಾರೂ ಸಾಯಂಗಿಲ್ಲ. ನೂರು ಮಂದಿಗಿದ್ರ ಮೂರು ನಾಕು ಮಂದ್ಯಾಗ ಅದು ಕ್ಯಾನ್ಸರಿಗೆ ತಿರಗ್ತದ. ಕೆಲವು ಮನೆತನದಾಗ ಸ್ವಲ್ಪ ಜಾಸ್ತಿ. ಅದಕ್ಕ ನೆಪ್ಪಿನಾಗ ಇಡೋದು ಒಂದ ಮಾತು. ಬೆಳೆಯೋ ವಯಸ್ಸು ಮುಗಿದ ಮ್ಯಾಲ ಬುಗುಟು ಬೆಳೀಬಾರದು, ನೋಯಬಾರದು. ಇವರದು ಎರಡೂ ಮಾಡಾಕತ್ತದ." ದೌಲಪ್ಪನ ಕಡೆ ತಿರುಗಿದರು. "ಹೈದರಾಬಾದಿಗೆ ಹೋಗ್ರಿ. ತುಂಡು ತೆಗೆದು ನೋಡ್ತಾರ. ಹೌದಂದ್ರ ಆ ಎಲುಬಿನ ಭಾಗನ ಕೊಯ್ದು ತೆಗೀಬೇಕು. ಈ ಜಾತಿ ಕ್ಯಾನ್ಸರ್ ಔಷಧಕ್ಕ ಬಗ್ಗಂಗಿಲ್ಲ. ಈಗ ಹೋದ್ರ ಕಾಲು ಉಳೀತದ, ಜೀವಾನೂ ಉಳೀತದ. ತಡಾ ಮಾಡಿದ್ರ ಎರಡಕ್ಕೂ ನಾ ಜಾಮೀನು ಕೊಡಂಗಿಲ್ಲ. ನಿಮ್ಮ ಮನ್ಯಾಗ ಹಿಂದ ಯಾರ್ಯಾರಿಗೆ ಹಿಂಗಾಗಿತ್ತು?"

"ಎತ್ತು ಒದ್ದು ಸತ್ತಾರ್ರೀ" ಎಂದ ದೌಲಪ್ಪ.

ಡಾಕ್ಟರು ಸೂಗಮ್ಮನ ಮುಖ ನೋಡಿದರು. ಸೂಗಮ್ಮ ಫೋಟೋವನ್ನು ಲಕೋಟೆಗೆ ಹಾಕಿಕೊಂಡು ಎದ್ದಳು. ಬಸ್‌ಸ್ಟ್ಯಾಂಡಿನ ತನಕ ತಮ್ಮ ಒಂದೇ ಮಾತು ತಿರುವಿದ. ಅಣ್ಣನನ್ನು ಕೇಳದೆ ಆಗುವುದಿಲ್ಲ, ಅಣ್ಣ ಹೂಂ ಅಂದರೆ ಹೋಗೋಣ.

ಅಣ್ಣ ಹೂಂ ಅನ್ನಲಿಲ್ಲ. ಲಕ್ಷ್ಮಿಯ ಮೈಗೆ ಕತ್ತರಿ ಹಾಕಿದರೆ ತೋಟ ಒಣಗುತ್ತದೆಂಬುದು ಕಲ್ಯಾಣಪ್ಪ ಬಾಯಿಂದ ಹೇಳಿದ ಕಾರಣ. ಹೇಳದ ಕಾರಣ ಇನ್ನೊಂದಿತ್ತು. ಈ ಬುಗುಟು ರೋಗ ಎಂದು ಒಮ್ಮೆ ಸುದ್ದಿಯಾದರೆ, ಇಷ್ಟು ವರ್ಷ ಅದನ್ನೇ ತೋರಿಸಿ ಮದುವೆ ಮಾಡಿಕೊಡುತ್ತ ಬಂದ ಮನೆಯ ಹೆಣ್ಣುಮಕ್ಕಳ ಗತಿ? ಅವನಿಗೂ ಹದಿನಾಲ್ಕರ ಮಗಳಿದ್ದಳು, ಭಾಗಮ್ಮ. ಅವನ ಬೆನ್ನಿಗಿದ್ದದ್ದು ಒಂದೇ ಬುಗುಟು, ಅವಳಿಗೆ ಮೂರು. ಅಪ್ಪನ ಲೆಕ್ಕದಲ್ಲಿ ಮೂರು ಪಟ್ಟು ಭಾಗ್ಯ.

ದೀಪಾವಳಿ ಹೋಯಿತು. ದೌಲಪ್ಪನ ಕೈಗೆ ಕೋಲು ಬಂತು. ಸೂಗಮ್ಮ ಎರಡು ಸಲ ಹೋಗಿ ಜಗಳ ಮಾಡಿ ಬರಿಗೈಯಲ್ಲಿ ಬಂದಳು. ಮೂರನೆಯ ಸಲ ಹೋದದ್ದು ಮನೆಗೆ ಹೆಳವ ಬಂದ ದಿನ.

ಹೆಳವರೆಂದರೆ ಒಕ್ಕಲು ಮನೆತನಗಳ ವಂಶಾವಳಿ ಇಟ್ಟವರು. ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ಕಂಬಳಿ ಹಾಸಿಸಿಕೊಂಡು, ಏಳು ತಲೆಮಾರಿನ ಹೆಸರು, ಯಾರು ಎಲ್ಲಿ ಬಾವಿ ತೋಡಿಸಿದರು, ಯಾರು ಹೇಗೆ ಹೋದರು ಎಲ್ಲವನ್ನೂ ರಾಗವಾಗಿ ಓದುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಬರೆದುಕೊಂಡು, ಜೋಳ, ಧೋತರ ಪಡೆದು ಹೋಗುತ್ತಾರೆ. ಅವತ್ತು ಊರ ನಾಲ್ಕು ಜನ ಹಿರಿಯರೂ ಬಂದು ಕುಂತಿದ್ದರು. ತನ್ನ ಮನೆತನದ ದೊಡ್ಡಸ್ತಿಕೆ ಬೇರೆಯವರ ಬಾಯಿಂದ ಕೇಳುವುದೆಂದರೆ ಕಲ್ಯಾಣಪ್ಪನಿಗೆ ಹೋಳಿಗೆ ಊಟ.

ಮುದುಕ ಹೆಳವ ಓದಿ ಮುಗಿಸಿದ. ಕಲ್ಯಾಣಪ್ಪ ಮೀಸೆ ತೀಡಿಕೊಂಡ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಸೂಗಮ್ಮ ಎದ್ದು ಬಂದು ಕಂಬಳಿಯ ಅಂಚಿಗೇ ಕುಂತಳು.

"ಹೆಳವಪ್ಪ, ನಮ್ಮ ಮುತ್ತ್ಯಾ ಗುಂಡಪ್ಪ ಹೆಂಗ ಸತ್ತ, ಇನ್ನೊಮ್ಮೆ ಓದು."

"ಬಂಡಿ ಗಾಲಿ ಹಾಯ್ದು ಕಾಲು ಬಾತು, ವರ್ಷೊಪ್ಪತ್ತು ಹಾಸಿಗಿ ಹಿಡಿದು, ಮೂವತ್ತೆಂಟಕ್ಕ ಲಿಂಗೈಕ್ಯ ಆದ್ರಿ."

"ಅವರ ಅಣ್ಣ ಮಲ್ಕಣ್ಣ?"

"ಕುದುರಿ ಒದ್ದು ಭುಜ ಬಾತು, ಎರಡು ವರ್ಷ ಹಾಸಿಗ್ಯಾಗ ಇದ್ದು..."

"ನಮ್ಮಪ್ಪ?"

"ಎತ್ತು ಒದ್ದು ಸೊಂಟ ಬಾತು..."

"ಸಾಕು" ಎಂದು ಅವಳು ಹಿರಿಯರ ಕಡೆ ತಿರುಗಿದಳು. "ನಮ್ಮ ಮನಿ ದನಗೋಳು ಭಾಳ ಸಿಟ್ಟಿನವು ನೋಡ್ರಿ. ಮನಿ ಯಜಮಾನರನ್ನ ಆರಿಸಿ ಆರಿಸಿ ಒದೀತಾವ. ಅದೂ ಬುಗುಟು ಇದ್ದ ಜಾಗಕ್ಕ ಗುರಿ ಇಟ್ಟು."

ಯಾರೋ ಫಕ್ಕನೆ ನಕ್ಕರು. ಕಲ್ಯಾಣಪ್ಪ ಗುಡುಗಿದ: "ಸೂಗೀ! ಒಳಗ ಹೋಗು."

"ಹೋಗ್ತೀನಿ. ಒಂದು ಮಾತು ಹೇಳು. ಅಪ್ಪನ ಕೊಂದ ಎತ್ತು ಯಾವುದಣ್ಣ?"

"ಮಾಸ... ಆ ಮಾಸನೆತ್ತು."

"ಅಪ್ಪ ಸತ್ತ ಮ್ಯಾಲ ಅದನ್ನ ಮಾರಿದೇನು? ಕಸಾಯಿಗಾದ್ರೂ ಕೊಟ್ಟೇನು? ಇಲ್ಲ. ಅದರ ಕೊಳ್ಳಿಗೆ ಗೆಜ್ಜಿ ಕಟ್ಟಿ ಹನ್ನೆರಡು ವರ್ಷ ನೀನ ಹೂಡಿದಿ. ಹೆತ್ತ ಅಪ್ಪನ ಒದ್ದು ಕೊಂದ ಎತ್ತನ್ನ ಯಾವ ಮಗ ಹೂಡ್ತಾನ?"

ಕೋಲಿನ ಮೇಲೆ ಗದ್ದವಿಟ್ಟು ಕುಂತಿದ್ದ ದೌಲಪ್ಪ ಮೆಲ್ಲಗೆ ಅಂದ: "ಮಾಸನೆತ್ತಿಗೆ ನಾನ ಮೇವು ಹಾಕ್ತಿದ್ದೆ. ನಾ ಸಣ್ಣವಿದ್ದಾಗ ಅದರ ಹೊಟ್ಟಿ ಕೆಳಗ ಮಲಗ್ತಿದ್ದೆ. ಅದು ನೊಣಕ್ಕೂ ಒದ್ದದ್ದಲ್ಲ."

"ಮತ್ತ ಅತ್ತಿ ಅಂಬಮ್ಮ?" ಸೂಗಮ್ಮ ಬಿಡಲಿಲ್ಲ. "ಅಪ್ಪನ ಸ್ವಂತ ತಂಗಿ. ಆಕಿ ಹೆಸರು ಓದು ಹೆಳವಪ್ಪ."

"ಹೆಣ್ಣುಮಕ್ಕಳನ್ನ ಬರೆಯೋ ಪದ್ಧತಿ ಇಲ್ಲವ್ವ. ಕೊಟ್ಟ ಮ್ಯಾಲ ಅವರು ಬ್ಯಾರೆ ಮನಿಯವರು."

"ಬರೆಯಬ್ಯಾಡ, ಕೇಳು. ಆಳಂದದಾಗ ಬಟ್ಟಿ ಅಂಗಡಿ ಮನಿಗೆ ಕೊಟ್ಟಿತ್ತು. ಹೋದ ತಿಂಗಳು ನಾ ಆಳಂದಕ್ಕ ಹೋಗಿ ಆಕಿ ನೆಗೆಣ್ಣೀನ ಕೇಳ್ಕೊಂಡು ಬಂದೀನಿ. ಭುಜದ ಬುಗುಟು ಬೆಳೀತು. ತವರ ಮನಿ ಹೆಸರು ಕೆಡ್ತದಂತ ಮೂರು ವರ್ಷ ಸೆರಗಿನಾಗ ಮುಚ್ಚಿಕೊಂಡ್ಲು. ಮೂವತ್ತೈದಕ್ಕ ಸತ್ತಳು. ಬಟ್ಟಿ ಅಂಗಡ್ಯಾಗ ಎತ್ತು ಇರ್ತಾವೇನಣ್ಣ? ಆಕಿಗೆ ಯಾವುದು ಒದೀತು, ಜರತಾರಿ ಸೀರೇನು?"

ಕಲ್ಯಾಣಪ್ಪ ಎದ್ದು ನಿಂತ. ಮುಖ ಕೆಂಪು ಬಾಳೆಯ ಸಿಪ್ಪೆಯಾಗಿತ್ತು. "ಇವನನ್ನ ಈ ಹೊಸ್ತಿಲ ದಾಟಿಸಿ ನೋಡು. ನಾಗರ ಪಂಚಮಿಗೆ ನಿನ್ನ ಕರೀಲಿಕ್ಕ ಈ ಮನಿಂದ ಯಾರೂ ಬರಂಗಿಲ್ಲ. ನಿನಗ ತವರಿಲ್ಲ ಅಂತ ತಿಳ್ಕೊ."

ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಆ ಸೀಮೆಯಲ್ಲಿಲ್ಲ. ಸೂಗಮ್ಮ ಸೆರಗು ಸಿಕ್ಕಿಸಿಕೊಂಡಳು. "ಬಿಡಣ್ಣ. ಕಲಬುರಗಿಯಿಂದ ಕಮಲಾಪುರಕ್ಕ ತಾಸಿಗೊಂದು ಬಸ್ಸು ಅದ. ಅದು ನಿನ್ನ ಕೇಳಿ ಬರಂಗಿಲ್ಲ. ನಾನೂ ಹಂಗ." ಆಮೇಲೆ ತಮ್ಮನಿಗೆ, "ನಿನ್ನ ಕಾಲು, ನಿನ್ನ ಜೀವ. ಹುಕುಂ ಅಪ್ಪನಿಂದ ಬಂದದ್ದು. ಹೂಂ ಅನ್ನೋದು ನಿನ್ನ ಕೈಯಾಗ ಅದ. ಏಳ್ತಿಯೇನು?"

ದೌಲಪ್ಪ ಅಣ್ಣನನ್ನು ನೋಡಿದ. ಹಿರಿಯರನ್ನು ನೋಡಿದ. ಬಾಗಿಲಲ್ಲಿ ಅವನ ಹೆಂಡತಿ ನೀಲಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಅವನ ಚಪ್ಪಲಿ. ಈ ಮಾತುಕತೆ ಎಲ್ಲಿ ಮುಗಿಯುತ್ತದೆಂದು ಆಕೆಗೆ ಗಂಡನಿಗಿಂತ ಮೊದಲೇ ತಿಳಿದಿತ್ತು. ದೌಲಪ್ಪ ಕೋಲೂರಿ ಎದ್ದ.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಅವರು ಒಂದೂವರೆ ತಿಂಗಳಿದ್ದರು. ಗಿರಣಿಯನ್ನು ಲಾಲ್ ಅಹ್ಮದ್ ನೋಡಿಕೊಂಡ. ತುಂಡು ತೆಗೆದು ನೋಡಿದ್ದು ಹೌದೆಂದೇ ಬಂತು. ಕ್ಯಾನ್ಸರು, ಆದರೆ ಸಾವಕಾಶದ ಜಾತಿ, ಇನ್ನೂ ಮೈಯೊಳಗೆ ಹರಡಿರಲಿಲ್ಲ. ತೊಡೆಯ ಎಲುಬಿನ ಕೆಳಭಾಗವನ್ನು ಕೊಯ್ದು ತೆಗೆದು ಉಕ್ಕಿನ ಸಲಾಕೆ ಕೂಡಿಸಿದರು. ಅಲ್ಲಿನ ದೊಡ್ಡ ಡಾಕ್ಟರು ಸೂಗಮ್ಮನನ್ನು ಕರೆದು, ಇನ್ನೂ ಆರು ತಿಂಗಳು ತಡವಾಗಿದ್ದರೆ ಕಾಲಿನ ಮಾತೇ ಆಡುವಂತಿರಲಿಲ್ಲ ಎಂದರು. ದೌಲಪ್ಪನ ಮೊಣಕಾಲು ಮಡಚದಾಯಿತು. ಬಸ್ಸಿನಲ್ಲಿ ಕಾಲು ಚಾಚಲು ಎರಡು ಸೀಟು ಬೇಕಾಯಿತು. ಕಂಡಕ್ಟರನ ಕೂಡ ಅವನು ಮೊದಲ ಸಲ ಜಗಳ ಮಾಡಿದ ದಿನ ಸೂಗಮ್ಮನಿಗೆ ಇವನು ಬದುಕಿದನೆಂಬ ನಂಬಿಕೆ ಬಂತು.

ತೋಟ ಒಣಗಲಿಲ್ಲ. ಮರುವರ್ಷ ಗೊನೆ ಇನ್ನೂ ದಪ್ಪ ಬಂತು. ಕಲ್ಯಾಣಪ್ಪ ಊರಿಗೆ ಹೊಸ ಸುದ್ದಿ ಬಿಟ್ಟ. ದೌಲಪ್ಪನಿಗೆ ಹುಮನಾಬಾದ ರಸ್ತೆಯಲ್ಲಿ ಬಸ್ಸು ಬಡಿದಿತ್ತಂತೆ. ಕಾಲ ಬದಲಾದಂತೆ ಮನೆತನದ ಸುಳ್ಳಿಗೂ ಡೀಸೆಲ್ ಇಂಜಿನ್ ಬಂದಿತ್ತು.

ಸೂಗಮ್ಮನನ್ನು ಪಂಚಮಿಗೆ ಯಾರೂ ಕರೆಯಲಿಲ್ಲ. ಅವಳು ಪ್ರತಿ ಪಂಚಮಿಗೂ ತಾನೇ ಬಸ್ಸು ಹತ್ತಿ ಹೋಗಿ, ದೌಲಪ್ಪನ ಪಾಲಿನ ಅಡುಗೆಮನೆಯಲ್ಲಿ ಉಂಡು, ಮನೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರ ಬುಗುಟು ಮುಟ್ಟಿ ನೋಡಿ ಬರುತ್ತಿದ್ದಳು. ಅಣ್ಣ ಆ ದಿನ ತೋಟಕ್ಕೆ ಹೋಗಿರುತ್ತಿದ್ದ. ಭಾಗಮ್ಮ ತಪ್ಪದೆ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದಳು.

೨೦೦೧ರ ಮಾಘದಲ್ಲಿ ಗಿರಣಿಯ ಎದುರಿನ ಎಸ್‌ಟಿಡಿ ಅಂಗಡಿಗೆ ಫೋನು ಬಂತು. ಭಾಗಮ್ಮ.

"ಅತ್ತೀ, ನಾಳೆ ಹುಮನಾಬಾದದವರು ನನ್ನ ನೋಡಾಕ ಬರ್ತಾರ. ಬುಗುಟು ಮುಚ್ಚು, ಕಾಕಾಗ ಬಸ್ಸು ಬಡಿದದ್ದು ಅನ್ನು ಅಂತ ಅಪ್ಪ ಹೇಳ್ಯಾನ. ಹಂಗ ಸುಳ್ಳು ಹೇಳಿ ಲಗ್ನ ಆದ ಮ್ಯಾಲ, ನಂದು ಬೆಳ್ಯಾಕ ಹತ್ತಿತಂದ್ರ ನಾ ಯಾರಿಗೆ ತೋರಿಸ್ಲಿ?"

ಮರುದಿನ ಹತ್ತು ಗಂಟೆಯ ಬಸ್ಸಿಗೆ ಸೂಗಮ್ಮ ಕಮಲಾಪುರದಲ್ಲಿದ್ದಳು. ಬೀಗರಾಗಬೇಕಾದವರ ಮುಂದೆ ತಂಗಿಯನ್ನು ಹೊರಗೆ ಹಾಕುವ ಹಾಗಿಲ್ಲ. ಕಲ್ಯಾಣಪ್ಪ ಹಲ್ಲು ಕಚ್ಚಿ "ನಮ್ಮ ತಂಗಿ, ಕಲಬುರಗ್ಯಾಗ ಗಿರಣಿ ಅದ" ಎಂದು ಪರಿಚಯ ಮಾಡಿಸಿದ. ಅವಲಕ್ಕಿ, ಚಹಾ ಆದವು. ಹುಡುಗನ ತಂದೆ ದೌಲಪ್ಪನ ಚಾಚಿದ ಕಾಲು ನೋಡಿ ಕನಿಕರದಿಂದ ಕೇಳಿದ: "ಯಾವ ಬಸ್ಸಪ್ಪಾ, ಸರ್ಕಾರಿದೋ, ಪ್ರೈವೇಟೋ?"

ದೌಲಪ್ಪ ನಾಲ್ಕು ವರ್ಷ ಈ ಪ್ರಶ್ನೆಗೆ ತಲೆಯಾಡಿಸಿ ಬಿಟ್ಟವನು. ಇವತ್ತು ಅಣ್ಣನ ಮಗಳ ಕಡೆ ನೋಡಿದ. "ಬಸ್ಸಲ್ಲರೀ. ಕ್ಯಾನ್ಸರ್ ಆಗಿತ್ತು. ಕೊಯ್ದು ತೆಗೆದಾರ. ನಮ್ಮಪ್ಪನಿಂದ ಬಂದದ್ದು" ಎಂದು ಧೋತರ ಸರಿಸಿ ಗೇಣುದ್ದದ ಹೊಲಿಗೆಯ ಗುರುತು ತೋರಿಸಿದ.

ಕಲ್ಯಾಣಪ್ಪ ಕಣ್ಣು ಮುಚ್ಚಿದ. ಭಾಗಮ್ಮ ಮುಚ್ಚಲಿಲ್ಲ. ರವಿಕೆಯ ತೋಳು ಮೇಲೆ ಸರಿಸಿ, "ನನಗೂ ಮೂರು ಅದಾವ. ಬೆಳೆದಿಲ್ಲ, ನೋವಿಲ್ಲ. ವರ್ಷಕ್ಕೊಮ್ಮೆ ಎಲುಬಿನ ಫೋಟೋ ತೆಗಸ್ತೀನಿ" ಎಂದಳು.

ಹುಡುಗನ ತಾಯಿ ಚಹಾದ ಬಟ್ಟಲು ಕೆಳಗಿಟ್ಟಳು. "ಮಕ್ಕಳಿಗೂ ಬರ್ತದೇನು?"

"ಅರ್ಧಕ್ಕರ್ಧ" ಎಂದಳು ಸೂಗಮ್ಮ. "ಬಂದ್ರೂ ನೂರಕ್ಕ ತೊಂಬತ್ತು ಮಂದಿಗೆ ಮಿಕ್ಕಿ ಏನೂ ಆಗಂಗಿಲ್ಲ. ನನಗ ನಲವತ್ತನಾಕು, ಚೀಲ ಎತ್ತತೀನಿ. ಬೆಳೆಯೋದು ಕಂಡಕೂಡ್ಲೆ ಹೇಳಬೇಕು, ಹೇಳಿದಾಕಿನ ಬಯ್ಯಬಾರದು. ಅಷ್ಟ ಇದಕ್ಕ ಬೇಕಾದ ಔಷಧ. ನಮ್ಮ ಮನೀದು ಇದ್ದದ್ದು ಇದ್ದಂಗ ಹೇಳೀವಿ. ಒಲ್ಲೆ ಅಂದ್ರ ಒಲ್ಲೆ ಅನ್ರಿ, ಬ್ಯಾಸರ ಇಲ್ಲ. ಆದ್ರ ಏಳೋಕಿನ ಮುಂಚೆ ನಿಮ್ಮ ಮನೀದೂ ಸ್ವಲ್ಪ ಹೇಳಿ ಏಳ್ರಿ. ನಮ್ಮ ಹುಡುಗೀನೂ ತಿಳಕೋಬೇಕಲ್ಲ."

"ನಮ್ಮ ಮನ್ಯಾಗ ಏನದ? ಏನಿಲ್ಲ" ಎಂದ ಹುಡುಗನ ತಂದೆ, ಬಹಳ ಬೇಗ.

ಅವನ ಹೆಂಡತಿ ಅವನ ಎಡಗಾಲಿನ ಕಡೆ ನೋಡಿದಳು. ಬೇಸಿಗೆ ಹತ್ತಿರವಿದ್ದರೂ ಆ ಕಾಲಿಗೆ ಕಾಲುಚೀಲವಿತ್ತು. "ಸಕ್ಕರಿ ಬ್ಯಾನಿ ಅದರೀ" ಎಂದಳು. "ಮಾವನೋರಿಗಿತ್ತು, ಇವರಿಗದ. ಹೋದ ವರ್ಷ ಹೆಬ್ಬೆಟ್ಟು ತೆಗೆದಾರ. ನಮ್ಮ ಹುಡುಗಗೂ ಬಂದ್ರ ಬರಬಹುದಂತ ಡಾಕ್ಟರ್ ಅಂದಾರ. ಹೇಳಬ್ಯಾಡ ಅಂತ ಇವರು ದಾರ್ಯಾಗ ನನ್ನ ಮ್ಯಾಲ ಆಣಿ ಹಾಕ್ಯಾರ."

ಇಬ್ಬರು ಯಜಮಾನರು ಒಬ್ಬರ ಮುಖ ಒಬ್ಬರು ನೋಡದೆ ಕುಂತರು. ಭಾಗಮ್ಮ ತೋಳು ಇಳಿಸಿಕೊಂಡು, ತಾಯಿಯ ಪಕ್ಕ ಕುಂತಿದ್ದ ಹುಡುಗನ ಕಡೆ ನೇರ ನೋಡಿ ಕೇಳಿದಳು:

"ನೀವು ರಕ್ತ ತಪಾಸ್ ಮಾಡಿಸಿ ಎಷ್ಟು ದಿನ ಆತು?"